ಎರಡೇ ಮಾತ್ರೆ

ಬೆನ್ನುಮೂಳೆಯ ನೋವಿಗೆ ಗುರುಶಾಂತಪ್ಪ ದಿನಕ್ಕೆ ಎಂಟು ಮಾರ್ಫಿನ್ ಮಾತ್ರೆ ನುಂಗುತ್ತಿದ್ದ. ಡಾಕ್ಟರು ಆರೇ ತಿಂಗಳಲ್ಲಿ ಅದನ್ನು ಎರಡಕ್ಕೆ ಇಳಿಸಿದರು. ಆ ಸಾಧನೆಗಾಗಿ ಇಂದು ಡಾಕ್ಟರಿಗೆ ಸನ್ಮಾನ. ಸಾಕ್ಷಿ ನುಡಿಯಲು ಗುರುಶಾಂತಪ್ಪನನ್ನು ಆಂಬುಲೆನ್ಸಿನಲ್ಲಿ ಕರೆತಂದು ವೇದಿಕೆಯ ಹಿಂದಿನ ಕೋಣೆಯಲ್ಲಿ ಕೂರಿಸಿದ್ದರು. ಡಾಕ್ಟರೇ ಬಂದು ಹೇಳಿಕೊಟ್ಟರು.

“ವೇದಿಕೆ ಮೇಲೆ ಹತ್ತು ನಿಮಿಷ ನಿಂತ್ಕೊಂಡು, ಎರಡೇ ಮಾತ್ರೇಲಿ ಆರಾಮಾಗಿದ್ದೀನಿ ಅಂದ್ಬಿಡಪ್ಪ, ಸಾಕು.”

“ಎರಡರಲ್ಲಿ ನಿಲ್ಲೋಕೇ ಆಗಲ್ಲ ಸಾರ್. ಇನ್ನೊಂದು ಕೊಡಿ ಅಂತ ಎಷ್ಟು ಸಲ ಅಂಗಲಾಚಿದೆ.”

“ಅದು ನೋವಲ್ಲ ಮಾರಾಯ, ಚಟ. ಮನಸ್ಸು ಗಟ್ಟಿ ಮಾಡ್ಕೊ. ಮಂತ್ರಿಗಳು ಬರ್ತಿದ್ದಾರೆ.”

ಗುರುಶಾಂತಪ್ಪ ಮನಸ್ಸು ಗಟ್ಟಿ ಮಾಡಿಕೊಂಡೇ ಎದ್ದ. ಎರಡು ಹೆಜ್ಜೆಗೆ ಗೋಡೆ ಹಿಡಿದು ಕುಸಿದ.

ಡಾಕ್ಟರು ಗಡಿಯಾರ ನೋಡಿದರು. ಕಾರ್ಯಕ್ರಮಕ್ಕೆ ಇನ್ನೂ ಒಂದು ಗಂಟೆಯಿತ್ತು. ಬಾಗಿಲು ಹಾಕಿ ಬಂದು, ಅವನ ಅಂಗೈಗೆ ನಾಲ್ಕು ಮಾತ್ರೆ ಹಾಕಿದರು.

“ಬೇಗ ನುಂಗು. ಮೈಕಲ್ಲಿ ಎರಡೇ ಅನ್ನು.”