ಕಚ್ಚದೆ ಉಳಿದ ರೊಟ್ಟಿ

ಗಂಡನ ಕೋಟಿನ ಗುಂಡಿ ಸಡಿಲವಾಗಿತ್ತು. ಅವನು ಮಗಳನ್ನು ಕರೆದುಕೊಂಡು ಚಹಾ ತರಲು ಲಾಡ್ಜಿನ ಕೋಣೆಯಿಂದ ಕೆಳಗೆ ಹೋದಾಗ, ಬರುವುದರೊಳಗೆ ಹೊಲಿದಿಡೋಣವೆಂದು ಓಯ್ದಿನ್ ಸೂಜಿ ಕೈಗೆತ್ತಿಕೊಂಡಳು. ದಾರದುಂಡೆ ಅವನ ಸೂಟ್‌ಕೇಸಿನಲ್ಲಿತ್ತು. ಹುಡುಕಲು ಕೈಹಾಕಿದರೆ ಅಂಗಿಗಳ ಅಡಿಯಲ್ಲಿ ಏನೋ ಗಟ್ಟಿಯಾಗಿ ತಗುಲಿತು. ಎಳೆದು ನೋಡಿದಳು. ಮಾವನವರ ಫೋಟೊ. ಊರಿನ ಮನೆಯ ಗೋಡೆಯ ಮೇಲಿರಬೇಕಾದದ್ದು, ಚೌಕಟ್ಟು ಗಾಜು ಸಮೇತ ಇಲ್ಲಿತ್ತು.

ಕುದ್ರತ್ ರಷ್ಯಾಕ್ಕೆ ದುಡಿಯಲು ಹೋಗುತ್ತಿರುವುದು ಇದೇ ಮೊದಲೇನಲ್ಲ. ಪ್ರತಿ ಸಲವೂ ಒಂದು ಚೀಲ ಬಟ್ಟೆ ಒಯ್ಯುತ್ತಿದ್ದ, ಚಳಿ ಬೀಳುವ ಹೊತ್ತಿಗೆ ಮರಳುತ್ತಿದ್ದ. ತೀರಿಹೋದ ಅಪ್ಪನನ್ನು ಗೋಡೆಯಿಂದ ಇಳಿಸಿ ಜೊತೆಗೆ ಕರೆದೊಯ್ದವನಲ್ಲ.

"ಇನ್ನೂ ಸೂಜಿ ಹಿಡ್ಕೊಂಡು ಕೂತಿದ್ದೀಯಾ?" ಬಾಗಿಲಲ್ಲಿ ಅವನ ದನಿ ಕೇಳಿ ಅವಳು ಫೋಟೊವನ್ನು ಒಳಗೆ ತಳ್ಳಿದಳು. "ಬಿಡೇ ಅದನ್ನ. ಸಂಜೆ ವಿಮಾನ. ಅಷ್ಟರೊಳಗೆ ಇಡೀ ತಾಷ್ಕೆಂಟ್ ತೋರಿಸಿಬಿಡ್ತೀನಿ ನಿಮಗೆ."

"ಗುಂಡಿ ಬಿದ್ದುಹೋಗುತ್ತೆ ರೀ."

"ಬಿದ್ರೆ ಅಲ್ಲಿ ಯಾರಾದ್ರೂ ಹಾಕ್ಕೊಡ್ತಾರೆ," ಎಂದ. ಅಂದದ್ದು ತನಗೇ ಕೇಳಿಸಿತೇನೋ, ಕಿಟಕಿಯತ್ತ ತಿರುಗಿದ. ಓಯ್ದಿನ್ ದಾರ ಪೋಣಿಸಿದ ಸೂಜಿಯನ್ನು ತನ್ನ ತಲೆವಸ್ತ್ರದ ಅಂಚಿಗೆ ಚುಚ್ಚಿಕೊಂಡಳು.

ಏಳು ವರ್ಷದ ನೋಜಿಮಾ ತನ್ನ ಚೀಲವನ್ನು ಬೆನ್ನಿಗೇರಿಸಿದಳು. ಅದರಲ್ಲಿ ಬಿಳಿ ಬಟ್ಟೆ ಸುತ್ತಿದ ರೊಟ್ಟಿಯಿತ್ತು, ಅಮ್ಮ ತಂದೂರಿನಲ್ಲಿ ಸುಟ್ಟು, ನಡುವೆ ಹೂವಿನ ಮುದ್ರೆ ಒತ್ತಿದ್ದು. ದೂರ ಹೋಗುವವರು ಹೊರಡುವಾಗ, ಮರಳಿ ಬರುತ್ತೇನೆಂಬ ಮಾತಿಗೆ, ರೊಟ್ಟಿಯನ್ನು ಒಂದು ತುತ್ತು ಕಚ್ಚಬೇಕು. ಉಳಿದದ್ದು ಮನೆಯ ಮೊಳೆಯಲ್ಲಿ ತೂಗುತ್ತ ಅವರಿಗಾಗಿ ಕಾಯುತ್ತದೆ. ಬಂದವರು ಅದನ್ನು ಚಹಾದಲ್ಲಿ ಅದ್ದಿ ಮುಗಿಸಬೇಕು. ಊರು ಬಿಡುವಾಗ ಕುದ್ರತ್, "ನೀವೂ ವಿಮಾನದವರೆಗೂ ಬರ್ತೀರಲ್ಲ, ಅಲ್ಲೇ ಕಚ್ಚಿದ್ರಾಯ್ತು," ಎಂದಿದ್ದ. ಅಂದಿನಿಂದ ಹುಡುಗಿ ಅದು ಬೋರಲಾಗದಂತೆ ಜೋಪಾನವಾಗಿ ಹೊತ್ತು ತಿರುಗುತ್ತಿದ್ದಳು.

ಕುದ್ರತ್ ಮುಂದೆ, ಅವರಿಬ್ಬರು ಹಿಂದೆ. ಮೆಟ್ರೋದ ದೀಪಗುಚ್ಛಗಳ ಕೆಳಗೆ ಫೋಟೊ ತೆಗೆದ, ಟಿ.ವಿ. ಗೋಪುರ ಹತ್ತಿಸಿದ, ಇಳಿಸಿದ. ಒಂದು ಕಡೆಯೂ ಕೂರಲಿಲ್ಲ, ಕೂರಗೊಡಲಿಲ್ಲ. ಕಾರಂಜಿಯ ಹತ್ತಿರ ನೋಜಿಮಾ, "ಅಪ್ಪಾ, ರೊಟ್ಟಿ..." ಎಂದಳು. ಅವಳ ಕೈಗೆ ಐಸ್‌ಕ್ರೀಮ್ ಬಂತು. ಪಾರ್ಕಿನ ಬಾಗಿಲಲ್ಲಿ ಮತ್ತೆ ಬಾಯಿ ತೆರೆದಳು. ಬಿಸಿ ಜೋಳದ ತೆನೆ ಬಂತು.

ಚೋರ್ಸು ಮಾರುಕಟ್ಟೆಯಲ್ಲಿ ರೊಟ್ಟಿ ಮಾರುವ ಮುದುಕಿಯೊಬ್ಬಳು ಹುಡುಗಿಯ ಚೀಲದೊಳಗೆ ಇಣುಕಿದಳು. "ಮನೇಲಿ ಮಾಡಿದ್ದನ್ನ ಹೊತ್ಕೊಂಡು ನನ್ನ ರೊಟ್ಟಿ ಬೆಲೆ ಕೇಳ್ತೀರಾ? ಓಹೋ, ಯಜಮಾನ್ರು ಪ್ರಯಾಣಾನಾ? ಬೇಗ ಕಚ್ಚಿಸಮ್ಮಾ! ಗಂಡಸರನ್ನ ನಂಬಬೇಡ, ಅಲ್ಲಿ ಹೋಗಿ ಇನ್ಯಾರದೋ ರೊಟ್ಟಿಗೆ ಬಾಯಿ ಹಾಕಿಬಿಡ್ತಾರೆ!"

ಸುತ್ತಲಿನ ಹೆಂಗಸರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಕುದ್ರತ್. ನಗು ಮುಗಿಯುವ ಮೊದಲೇ ಅವನು ಹತ್ತು ಹೆಜ್ಜೆ ಮುಂದಿದ್ದ.

ಮಧ್ಯಾಹ್ನ ಜೈಂಟ್ ವೀಲಿನ ಗೂಡಿನಲ್ಲಿ ಮಾತ್ರ ಅವನಿಗೆ ಎದ್ದು ನಡೆಯಲು ಜಾಗವಿರಲಿಲ್ಲ. ನಗರ ಕೆಳಗಿಳಿಯುತ್ತಿತ್ತು, ಗದ್ದಲ ಸಣ್ಣದಾಗುತ್ತಿತ್ತು. "ಕೋಟು ಕೊಡಿ," ಎಂದಳು ಓಯ್ದಿನ್. ತಲೆವಸ್ತ್ರದಿಂದ ಸೂಜಿ ಕಿತ್ತು ಗುಂಡಿ ಹೊಲಿಯತೊಡಗಿದಳು. ಬೇಕಾದದ್ದಕ್ಕಿಂತ ಹೆಚ್ಚು ಸಲ ದಾರ ಸುತ್ತಿದಳು. ತಲೆ ಎತ್ತದೆಯೇ ಕೇಳಿದಳು: "ಮಾವನವರಿಗೆ ಅಲ್ಲಿ ಚಳಿ ಜಾಸ್ತಿ ಆಗಲ್ವೇನ್ರೀ?"

ಗೂಡು ತುತ್ತತುದಿಯಲ್ಲಿ ಒಂದು ಕ್ಷಣ ತೂಗಾಡಿ ನಿಂತಿತು. ಕುದ್ರತನ ಕಿವಿ ಕೆಂಪಾಯಿತು. "ಅಗೋ ನೋಡು ಪುಟ್ಟಾ," ಎಂದು ಮಗಳಿಗೆ ಬೆರಳು ತೋರಿಸಿದ, "ನಾವು ಬಂದಿಳಿದ ಸ್ಟೇಷನ್ನು!" ಓಯ್ದಿನ್ ಬಾಗಿ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು.

ವಿಮಾನ ನಿಲ್ದಾಣದ ಬಾಗಿಲಲ್ಲಿ ನೋಜಿಮಾ ಯಾರೂ ಹೇಳದೆಯೇ ಬಟ್ಟೆ ಬಿಚ್ಚಿ, ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಕುದ್ರತ್ ಅದನ್ನು ತೆಗೆದುಕೊಂಡ. ಮುದ್ರೆಯ ಹೂವನ್ನೇ ನೋಡುತ್ತ ನಿಂತ. ತುಟಿಗೆ ಮುಟ್ಟಿಸಿದ, ಹಣೆಗೆ ಒತ್ತಿಕೊಂಡ, ಮೆಲ್ಲಗೆ ಮಗಳ ಕೈಗೇ ಮರಳಿಸಿದ. "ಹೊಟ್ಟೆ ತುಂಬಿದೆ ಪುಟ್ಟಾ." ಸೂಟ್‌ಕೇಸು ಎಳೆದುಕೊಂಡು ಒಳಗೆ ಹೋದ.

ಹೆಂಡತಿಗೆ ಸುಳ್ಳು ಹೇಳಿಯಾನು, ಮಗಳಿಗೂ ಹೇಳಿಯಾನು. ರೊಟ್ಟಿಗೆ ಸುಳ್ಳು ಹೇಳುವಷ್ಟು ಕೆಟ್ಟವನಲ್ಲ ಅವನು. ಅದು ಓಯ್ದಿನ್‌ಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವಳು ಅವನನ್ನು ಹಿಂದಕ್ಕೆ ಕರೆಯಲಿಲ್ಲ.

ಊರಿನ ರೈಲು ಹೊರಟಿತು. ಎದುರಿನ ಸೀಟು ಖಾಲಿಯಿತ್ತು. ಬರುವಾಗ ಅಲ್ಲಿ ಕುದ್ರತ್ ಕೂತಿದ್ದ. ಓಯ್ದಿನ್ ಮಗಳ ಕೆನ್ನೆಗಂಟಿದ್ದ ಐಸ್‌ಕ್ರೀಮನ್ನು ತಲೆವಸ್ತ್ರದ ಅಂಚಿನಿಂದ ಒರೆಸಿದಳು. ಹುಡುಗಿ ಮಡಿಲಲ್ಲಿ ರೊಟ್ಟಿಯಿಟ್ಟುಕೊಂಡು ಅದರ ದುಂಡನೆಯ ಅಂಚಿನ ಮೇಲೆ ಬೆರಳಾಡಿಸುತ್ತಿದ್ದಳು. ಸುತ್ತಿ ಬಂದರೂ ಎಲ್ಲಿಯೂ ಹಲ್ಲಿನ ಗುರುತು ಸಿಗಲಿಲ್ಲ. ದಿನವಿಡೀ ಅವಳ ಬಾಯಿಗೆ ಏನಾದರೊಂದು ತುರುಕುತ್ತಿದ್ದವನು ಈಗ ಜೊತೆಗಿರಲಿಲ್ಲ.

"ಅಮ್ಮಾ," ಎಂದಳು ನೋಜಿಮಾ, "ಈ ಸಲ ಮೊಳೆಗೆ ಏನು ತೂಗು ಹಾಕ್ತೀಯಾ?"