ಎತ್ತಂಗಡಿ

"ನನ್ನ ಚಳೀಲಿ ಸಾಯಿಸ್ಬೇಕು ಅಂತಾನೇ ಎಸಿ ತಗ್ಗಿಸ್ತೀರ ಅಲ್ವೇನ್ರೀ ಮಾದೇಶ್?" ಅಂಬುಜಾಕ್ಷಿ ಶಾಲು ಬಿಗಿಮಾಡಿಕೊಂಡು ಆಫೀಸೆಲ್ಲ ಕೇಳುವಂತೆ ಕೂಗಿದರು.

"ನಾನು ಮುಟ್ಟೇ ಇಲ್ಲ ಮೇಡಂ. ನಿಮ್ಮ ಟೇಬಲ್ ಹತ್ರ ಬರೋಕೆ ನನಗೇನ್ ಹುಚ್ಚಾ?"

"ಮುಟ್ಟಿಲ್ವಂತೆ! ನಿಮ್ಮನ್ನ ಎತ್ತಂಗಡಿ ಮಾಡಿ ಅಂತ ಸಾಹೇಬ್ರಿಗೆ ಬರ್ದು ಕೊಟ್ಟಿದೀನಿ."

ಸಾಹೇಬರು ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ಅಂಬುಜಾಕ್ಷಿಯ ಹಿಂದಿನ ಗೋಡೆಯಲ್ಲಿದ್ದ ಥರ್ಮೋಸ್ಟಾಟ್ ನೋಡಿದ.

"ಇಪ್ಪತ್ನಾಲ್ಕಕ್ಕೇ ಇದೆ ಸಾರ್, ಯಾರೂ ತಗ್ಗಿಸಿಲ್ಲ. ಆದ್ರೆ ಈ ಡಬ್ಬಿ ತನ್ನ ಸುತ್ತ ಇರೋ ಗಾಳೀನಷ್ಟೇ ಅಳೆಯುತ್ತೆ. ಹತ್ರ ಬಿಸಿ ಏನಾದ್ರೂ ಇದ್ರೆ, ರೂಮೆಲ್ಲ ಬಿಸಿ ಅಂದ್ಕೊಂಡು ಎಸಿ ನಿಲ್ಸೋದೇ ಇಲ್ಲ."

"ನೋಡಿದ್ರಾ! ಇವರೇ ಏನೋ ಇಟ್ಟಿದಾರೆ!" ಅಂಬುಜಾಕ್ಷಿ ಮಾದೇಶನತ್ತ ಬೆರಳು ಚಾಚಿದರು. "ಇಟ್ಟೋರನ್ನ ಇವತ್ತೇ ಎತ್ತಂಗಡಿ ಮಾಡಿ ಸಾರ್!"

"ಮಾಡ್ತೀನಿ. ಯಾರೇ ಆಗಿರ್ಲಿ," ಎಂದರು ಸಾಹೇಬರು.

ಮೆಕ್ಯಾನಿಕ್ ಡಬ್ಬಿಯ ಕೆಳಗೆ ಕೈಹಾಕಿ, ಮಾದೇಶ ತೊಲಗಲೆಂದು ಹರಕೆ ಹೊತ್ತು ಅಂಬುಜಾಕ್ಷಿ ದಿನಾ ಬೆಳಿಗ್ಗೆ ಚಾಮುಂಡಿ ಫೋಟೋದ ಮುಂದೆ ಹಚ್ಚಿಡುತ್ತಿದ್ದ ಎಣ್ಣೆದೀಪವನ್ನು ಎತ್ತಿ ತೋರಿಸಿದ.