ನೀಲಮ್ಮನ ಹಳೇ ಕಿವಿ

ಬೆಟಗೇರಿಯಲ್ಲಿ ಈಗ ಎಲ್ಲರದ್ದೂ ಯಂತ್ರದ ಕಿವಿ. ಅದರ ತಂತ್ರಾಂಶ ಎಲ್ಲರ ಸ್ವತ್ತೆಂದು ಅದನ್ನು ಮಾಡುವ ಕಂಪನಿ ಇಂದಿಗೂ ಹೇಳುತ್ತದೆ. ಮೊದಲು ದಿನದಿನದ ಬದಲಾವಣೆಯೂ ಎಲ್ಲರಿಗೆ ಕಾಣುತ್ತಿತ್ತು. ಈಗ ಕಂಪನಿಯವರು ಬಾಗಿಲು ಹಾಕಿಕೊಂಡು ಬರೆದು, ವರ್ಷಕ್ಕೊಮ್ಮೆ ಮೂಟೆ ಕಟ್ಟಿ ಹೊರಗೆ ಒಗೆಯುತ್ತಾರೆ. ಅಂದೇ, ಆ ಹೊಸ ತಂತ್ರಾಂಶ ಒಗ್ಗದೆ, ಹಳೇ ಕಿವಿಗಳೆಲ್ಲ ಬಂದ್ ಆಗುತ್ತವೆ. ಆ ಮೂಟೆ ಬಿಚ್ಚಿ, ಒಂದೊಂದೇ ಸಾಲು ಓದಿ, ಅವಕ್ಕೆ ಮತ್ತೆ ಜೀವ ತುಂಬುವವಳು ನೀಲಮ್ಮ ಒಬ್ಬಳೇ.

ಈ ಸಲ ನಲವತ್ತು ದಿನ ಹಿಡಿಯಿತು. ದರ್ಜಿ ಬಸಲಿಂಗಪ್ಪನ ಮನೆಯಲ್ಲಿ ಮೊಮ್ಮಗಳು ಮಾತು ಕಲಿಯುತ್ತಿದ್ದಳು. ಹಳೇ ಕಿವಿ ಬಂದ್ ಆಗಿದ್ದ ಅವನಿಗೆ ಅವಳ ತುಟಿ ಆಡುವುದಷ್ಟೇ ಕಾಣುತ್ತಿತ್ತು. ದಿನಾ ನೀಲಮ್ಮನ ಅಂಗಡಿಗೆ ಬಂದು, “ಆತೇನವಾ?” ಎಂದು ಕೂಗುತ್ತಿದ್ದ. ನೀಲಮ್ಮ ತಲೆಯೆತ್ತುತ್ತಿರಲಿಲ್ಲ. ಸೊಕ್ಕು ಎಂದುಕೊಂಡಿದ್ದ.

ಇಂದು ಅವಳು ಸರಿಪಡಿಸಿದ ತಂತ್ರಾಂಶವನ್ನು ಮೊದಲು ತನ್ನ ಕಿವಿಗೇ ತುಂಬಿಕೊಂಡು ನೋಡಿ, ಆಮೇಲೆ ಅವನದಕ್ಕೆ ತುಂಬಿದಳು. ಆಗಲೇ ಅವನು ಕಂಡದ್ದು: ಅವಳದೂ ತನ್ನಂಥದೇ ಹಳೇ ಕಿವಿ.

“ಕೇಳತೈತೇನ್ರಿ ಕಾಕಾ?”

“ಕೇಳತೈತವಾ. ನಿನಗ ಹೊಸಾದು ಸಿಗತಿತ್ತಲ್ಲ?”

“ಸಿಗತಿತ್ತರಿ. ಹೊಸಾದರಾಗ ನನಗ ಕೇಳತಿತ್ತಂದ್ರ ಅವಸರ ಇರತಿರಲಿಲ್ಲ, ನಿಮ್ಮದು ಇಷ್ಟು ಜಲ್ದಿ ಆಗತಿರಲಿಲ್ಲ.”

ನಲವತ್ತು ದಿನ ಕೂಗಿದ್ದ ಬಸಲಿಂಗಪ್ಪ, ಅವಳಿಗೆ ಕೇಳುವಷ್ಟೇ ಮೆಲ್ಲಗೆ, “ಬರ್ತೀನವಾ” ಎಂದು ಮನೆಯ ಕಡೆ ನಡೆದ.